ಚಾಟ್ ಮುಗಿದ ಮೇಲೆ ಶುರುವಾಗುವ ಪಾಠ

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. 30 ಜನರಿರುವ ಭಾಷಾ ತರಗತಿ, 45 ನಿಮಿಷದ ಪಾಠ. ಅದರಲ್ಲಿ ಅರ್ಧ ಹೊತ್ತು ಕಲಿಸುವವರೇ ಮಾತಾಡುತ್ತಾರೆ ಅಂದುಕೊಳ್ಳಿ. ಉಳಿದದ್ದನ್ನು ಎಲ್ಲರಿಗೂ ಸಮನಾಗಿ ಹಂಚಿದರೆ ಒಬ್ಬೊಬ್ಬರ ಪಾಲಿಗೆ ಬರುವುದು 45 ಸೆಕೆಂಡು. ಸಮನಾಗಿ ಹಂಚುವುದಾದರೂ ಎಲ್ಲಿ? ಮುಂದೆ ಕೂತ ನಾಲ್ಕೈದು ಜನ ಮಾತಾಡುತ್ತಾರೆ. ಹಿಂದಿನವರು ತಮ್ಮ ಹೆಸರು ಕರೆಯದಿದ್ದರೆ ಸಾಕು ಅಂತ ಪುಸ್ತಕದೊಳಗೆ ಮುಖ ಇಟ್ಟಿರುತ್ತಾರೆ. ಆಡದೆ ಯಾವ ಭಾಷೆಯೂ ಬರುವುದಿಲ್ಲ. ನಮ್ಮ ತರಗತಿಗಳಲ್ಲಿ ಆಡುವುದಕ್ಕೆ ಸಿಗುವ ಹೊತ್ತು ಇಷ್ಟೇ.

ಚಾಟ್ ಈ ಲೆಕ್ಕವನ್ನು ಬದಲಾಯಿಸುತ್ತದೆ. ಬಾಯಿಂದ ಮಾತಾಡುವಾಗ ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕಾಯಬೇಕು. ಟೈಪ್ ಮಾಡುವಾಗ ಎಲ್ಲರೂ ಒಟ್ಟಿಗೆ ಮಾಡಬಹುದು. 30 ಜನ ಹತ್ತು ಗುಂಪಾಗಿ ಕೂತರೆ ಹತ್ತು ಮಾತುಕತೆ ಒಂದೇ ಹೊತ್ತಿಗೆ ನಡೆಯುತ್ತವೆ. ಗದ್ದಲವೂ ಇಲ್ಲ.

ಇದು ಹೊಸ ಯೋಚನೆ ಏನಲ್ಲ. 1985ರ ಸುಮಾರಿಗೆ ಅಮೆರಿಕದ ವಾಷಿಂಗ್ಟನ್‌ನಲ್ಲಿರುವ ಗ್ಯಾಲಡೆಟ್ ವಿಶ್ವವಿದ್ಯಾಲಯದಲ್ಲಿ ಟ್ರೆಂಟ್ ಬ್ಯಾಟ್ಸನ್ ಎಂಬ ಪ್ರಾಧ್ಯಾಪಕರು ತರಗತಿಯ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ, ಇಡೀ ಪಾಠವನ್ನು ಟೈಪ್ ಮಾಡಿಯೇ ನಡೆಸಿದರು. ಗ್ಯಾಲಡೆಟ್ ಕಿವಿ ಕೇಳದವರಿಗಾಗಿ ಇರುವ ವಿಶ್ವವಿದ್ಯಾಲಯ. ಅಲ್ಲಿನ ವಿದ್ಯಾರ್ಥಿಗಳು ತಮ್ಮತಮ್ಮೊಳಗೆ ಸನ್ನೆ ಭಾಷೆಯಲ್ಲಿ ಲೀಲಾಜಾಲವಾಗಿ ಮಾತಾಡುತ್ತಿದ್ದರು. ಇಂಗ್ಲಿಷ್ ಮಾತ್ರ ಅವರಿಗೆ ಪುಸ್ತಕದಲ್ಲಿ, ಪರೀಕ್ಷೆಯಲ್ಲಿ ಎದುರಾಗುವ ಭಾಷೆ. ಒಬ್ಬರು ಏನೋ ಅನ್ನುವುದು, ಇನ್ನೊಬ್ಬರು ತಟ್ಟನೆ ಉತ್ತರ ಕೊಡುವುದು, ಹೀಗೆ ಹರಟೆಯಾಗಿ ಆ ಭಾಷೆ ಅವರಿಗೆ ಸಿಕ್ಕಿರಲಿಲ್ಲ. ತೆರೆಯ ಮೇಲೆ ಅದು ಸಿಕ್ಕಿತು. ಇವತ್ತು ಭಾಷಾ ತರಗತಿಯಲ್ಲಿ ಚಾಟ್ ಬಳಸುವ ನಾವೆಲ್ಲ ಈ ತರಗತಿಗೆ ಋಣಿಗಳು ಅಂತ ನನಗೆ ಅನಿಸುತ್ತದೆ. ಬೇರೆ ಭಾಷೆ ಕಲಿಯುವವರ ಸ್ಥಿತಿಯೂ ಹೆಚ್ಚುಕಡಿಮೆ ಇದೇ ಅಲ್ವಾ? ವ್ಯಾಕರಣ ಗೊತ್ತಿರುತ್ತದೆ, ಪದಗಳು ಗೊತ್ತಿರುತ್ತವೆ, ಅವನ್ನು ಹಿಡಿದು ಮಾತಿಗೆ ಇಳಿಯುವ ಜಾಗ ಇರುವುದಿಲ್ಲ.

ಹತ್ತು ವರ್ಷ ಕಳೆದ ಮೇಲೆ, 1995ರಲ್ಲಿ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿಚರ್ಡ್ ಕರ್ನ್ ಒಂದು ಅಧ್ಯಯನ ಪ್ರಕಟಿಸಿದರು. ಫ್ರೆಂಚ್ ಕಲಿಯುವ ವಿದ್ಯಾರ್ಥಿಗಳು ಬಾಯಿಮಾತಿನಲ್ಲಿ ಚರ್ಚಿಸಿದಾಗ ಏನಾಯಿತು, ಟೈಪ್ ಮಾಡಿ ಚರ್ಚಿಸಿದಾಗ ಏನಾಯಿತು ಅಂತ ಹೋಲಿಸಿ ನೋಡಿದರು. ಚಾಟ್‌ನಲ್ಲಿ ವಿದ್ಯಾರ್ಥಿಗಳು ಎರಡು ಪಟ್ಟಿಗಿಂತ ಹೆಚ್ಚು ಸಲ ಮಾತಿಗೆ ಬಂದಿದ್ದರು. ವಾಕ್ಯಗಳ ಸಂಖ್ಯೆ ಎರಡರಿಂದ ನಾಲ್ಕು ಪಟ್ಟು ಏರಿತ್ತು. ಕೇಳುವುದು, ಒಪ್ಪುವುದು, ವಾದಿಸುವುದು, ಹೀಗೆ ಮಾತಿನ ಬಗೆಗಳೂ ಜಾಸ್ತಿಯಾಗಿದ್ದವು. ಬಹಳ ಜನ ಈ ಅಧ್ಯಯನದ ಇಷ್ಟು ಭಾಗವನ್ನು ಮಾತ್ರ ಹೇಳಿ ಸುಮ್ಮನಾಗುತ್ತಾರೆ. ಅದರ ಇನ್ನೊಂದು ಭಾಗಕ್ಕೆ ಆಮೇಲೆ ಬರುತ್ತೇನೆ. ನನ್ನ ಇವತ್ತಿನ ಮಾತೆಲ್ಲ ಅದರ ಮೇಲೆಯೇ ನಿಂತಿದೆ.

ಅದಕ್ಕೂ ಮೊದಲು, ನಾಚಿಕೆಯ ಮಕ್ಕಳೂ ಚಾಟ್‌ನಲ್ಲಿ ಯಾಕೆ ಮಾತಾಡುತ್ತಾರೆ ಅನ್ನುವುದನ್ನು ಸ್ವಲ್ಪ ನೋಡೋಣ. 1973ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಟಾಕೊಮ್ಯಾಟಿಕ್ ಅಂತ ಒಂದು ಚಾಟ್ ಕಾರ್ಯಕ್ರಮ ಬಂತು. ಒಂದು ಕೋಣೆಯಲ್ಲಿ ಐದು ಜನ, ತೆರೆಯ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಜಾಗ. ಅದರಲ್ಲಿ ನೀವು ಒತ್ತಿದ ಪ್ರತಿ ಅಕ್ಷರವೂ ಒತ್ತಿದ ಕೂಡಲೇ ಎಲ್ಲರಿಗೂ ಕಾಣುತ್ತಿತ್ತು. ಬರೆದದ್ದನ್ನು ಅಳಿಸಿದರೆ ಅದೂ ಕಾಣುತ್ತಿತ್ತು. ಇವತ್ತಿನ ಚಾಟ್ ಹಾಗಿಲ್ಲ. ಬರೆಯಬಹುದು, ಓದಿ ನೋಡಬಹುದು, ಪ್ರತ್ಯಯ ಸರಿ ಮಾಡಬಹುದು, ಧೈರ್ಯ ಸಾಲದಿದ್ದರೆ ಪೂರ್ತಿ ಅಳಿಸಬಹುದು. ಕಳುಹಿಸುವ ಗುಂಡಿ ಒತ್ತುವವರೆಗೆ ಅದು ನಿಮ್ಮದೇ. ಹೊಸ ಭಾಷೆ ಕಲಿಯುವವರಿಗೆ ಆ ಗುಂಡಿಗಿಂತ ಮೊದಲು ಸಿಗುವ ಹತ್ತು ಸೆಕೆಂಡು ಬಹಳ ದೊಡ್ಡದು. ಎದುರಿಗೆ ನಿಂತು ಮಾತಾಡುವಾಗ ಆ ಹತ್ತು ಸೆಕೆಂಡು ತಡವರಿಸಿದರೆ ಎಲ್ಲರೂ ಮುಖ ನೋಡುತ್ತಾರೆ.

ಇಲ್ಲಿ ಒಂದು ಅನುಮಾನ ಬರುವುದು ಸಹಜ. ಟೈಪ್ ಮಾಡಿ ಮಾಡಿ ಟೈಪ್ ಮಾಡುವುದು ಬರಬಹುದು, ಬಾಯಲ್ಲಿ ಭಾಷೆ ಬರುತ್ತದೆಯೇ? ಸ್ಕಾಟ್ ಪೇನ್ ಮತ್ತು ಪಾಲ್ ವಿಟ್ನಿ ಇದನ್ನೇ ಪರೀಕ್ಷಿಸಿ 2002ರಲ್ಲಿ ಬರೆದರು. ಸ್ಪ್ಯಾನಿಷ್ ಕಲಿಯುವ ಒಂದು ಗುಂಪಿಗೆ ವಾರದ ನಾಲ್ಕು ಪಾಠಗಳೂ ತರಗತಿಯಲ್ಲೇ. ಇನ್ನೊಂದು ಗುಂಪಿಗೆ ಅವುಗಳಲ್ಲಿ ಎರಡು ಚಾಟ್‌ನಲ್ಲಿ. ಕೊನೆಗೆ ಮಾತಾಡುವ ಪರೀಕ್ಷೆ ನಡೆಸಿದಾಗ ಚಾಟ್ ಗುಂಪಿನವರೇ ಹೆಚ್ಚು ಮುಂದೆ ಬಂದಿದ್ದರು. ಬಾಯಿ ತೆರೆಯದೆ ಮಾತು ಹೇಗೆ ಸುಧಾರಿಸಿತು? ಹೇಳಬೇಕಾದ್ದನ್ನು ಹುಡುಕುವುದು, ಪದ ಆರಿಸುವುದು, ವಾಕ್ಯ ಕಟ್ಟುವುದು, ಈ ಒಳಗಿನ ಕೆಲಸ ಎರಡರಲ್ಲೂ ಒಂದೇ. ಚಾಟ್‌ನಲ್ಲಿ ಅದು ನಿಧಾನವಾಗಿ ನಡೆಯುತ್ತದೆ, ಅಷ್ಟೇ. ಉಚ್ಚಾರಣೆ ಮಾತ್ರ ಚಾಟ್‌ನಿಂದ ಬರುವುದಿಲ್ಲ. ಅದಕ್ಕೆ ಕಿವಿ ಬೇಕು, ಬಾಯಿ ಬೇಕು, ತರಗತಿಯೂ ಬೇಕು.

ಈಗ ಕರ್ನ್ ಅವರ ಅಧ್ಯಯನದ ಉಳಿದ ಭಾಗ. ವಾಕ್ಯಗಳು ಹೆಚ್ಚಾದವು, ನಿಜ. ಆದರೆ ವ್ಯಾಕರಣದ ಶುದ್ಧಿ, ಬರವಣಿಗೆಯ ಹದ, ಒಂದು ವಿಷಯವನ್ನು ಹಿಡಿದು ಕೊನೆಯವರೆಗೆ ಹೋಗುವುದು, ಇವಕ್ಕೆಲ್ಲ ಚಾಟ್ ಒಳ್ಳೆಯ ಜಾಗವಲ್ಲ ಅಂತ ಅವರೇ ಸ್ಪಷ್ಟವಾಗಿ ಬರೆದಿದ್ದಾರೆ. ಕಲಿಸುವವರ ಹಿಡಿತವೂ ಸಡಿಲವಾಗುತ್ತದೆ ಅಂದಿದ್ದಾರೆ. ಅಂದರೆ ಸುಮ್ನೆ ಚಾಟ್ ಮಾಡಲು ಬಿಟ್ಟರೆ ವಿದ್ಯಾರ್ಥಿಗಳು ತುಂಬ ಮಾತಾಡುತ್ತಾರೆ, ತುಂಬ ತಪ್ಪೂ ಮಾಡುತ್ತಾರೆ. ಆ ತಪ್ಪುಗಳು ಹಾಗೇ ಗಟ್ಟಿಯಾಗಬಹುದು.

ಒಂದು ಉದಾಹರಣೆ ಕಟ್ಟಿ ತೋರಿಸುತ್ತೇನೆ. ಒಬ್ಬರು ಕನ್ನಡ ಕಲಿಯುತ್ತಿದ್ದಾರೆ. ಇನ್ನೊಬ್ಬರು ಕನ್ನಡದವರೇ. ಇಬ್ಬರ ಚಾಟ್ ಹೀಗೆ ಸಾಗುತ್ತದೆ:

"ನಾನು ಸ್ವಲ್ಪ ಕನ್ನಡ ಬರುತ್ತೆ."

"ಓ, ನಿಮಗೆ ಕನ್ನಡ ಬರುತ್ತಾ! ಎಲ್ಲಿ ಕಲಿತ್ರಿ?"

"ಆನ್‌ಲೈನ್. ನಾನು ಕನ್ನಡ ಓದುವುದು ಇಷ್ಟ."

"ನನಗೂ ಓದೋದು ಇಷ್ಟ. ಏನು ಓದ್ತೀರಾ?"

"ಸಣ್ಣ ಕಥೆ. ನಾನು ದೊಡ್ಡ ಪುಸ್ತಕ ಅರ್ಥ ಆಗಲ್ಲ."

ನೋಡಿ, ಎಷ್ಟು ಸೊಗಸಾದ ಮಾತುಕತೆ. ಇಬ್ಬರಿಗೂ ಎಲ್ಲವೂ ಅರ್ಥವಾಯಿತು. ಕನ್ನಡದವರು ಎರಡು ಸಲ ಸರಿಯಾದ ರೂಪವನ್ನೂ ಕೊಟ್ಟರು: ನಿಮಗೆ ಬರುತ್ತಾ, ನನಗೂ ಇಷ್ಟ. ಆದರೂ ಮೂರನೆಯ ಸಲವೂ 'ನಾನು' ಅಂತಲೇ ಬಂತು. ಯಾಕೆ? ಕಲಿಯುವವರ ಗಮನ ಪೂರ್ತಿ ವಿಷಯದ ಮೇಲಿತ್ತು. ಎಲ್ಲಿ ಕಲಿತ್ರಿ ಅಂತ ಕೇಳಿದ್ದಾರೆ, ಉತ್ತರ ಕೊಡಬೇಕು. 'ನಿಮಗೆ' ಅನ್ನುವುದು ಕಣ್ಣ ಮುಂದೆಯೇ ಇತ್ತು, ಕಣ್ಣಿಗೆ ಬೀಳಲಿಲ್ಲ.

ಹೀಗೆ ತಪ್ಪನ್ನು ತೋರಿಸದೆ, ಸರಿ ರೂಪವನ್ನು ನಮ್ಮ ಮಾತಿನಲ್ಲಿ ಸೇರಿಸಿ ಹೇಳುವುದು ಶಿಕ್ಷಕರ ಅತ್ಯಂತ ಪ್ರೀತಿಯ ವಿಧಾನ. ಕೆನಡಾದಲ್ಲಿ ರಾಯ್ ಲಿಸ್ಟರ್ ಮತ್ತು ಲೈಲಾ ರಾಂಟಾ ಫ್ರೆಂಚ್ ಮಾಧ್ಯಮದ ತರಗತಿಗಳಲ್ಲಿ ಕೂತು ಇದನ್ನು ಎಣಿಸಿದರು. 1997ರಲ್ಲಿ ಬಂದ ಅವರ ಲೇಖನದ ಪ್ರಕಾರ, ಶಿಕ್ಷಕರು ಮಾಡಿದ ತಿದ್ದುಪಡಿಗಳಲ್ಲಿ ಶೇ 55 ಈ ಬಗೆಯವು. ಅವುಗಳಲ್ಲಿ ಮಕ್ಕಳು ಏನಾದರೂ ಪ್ರತಿಕ್ರಿಯೆ ತೋರಿಸಿದ್ದು ಶೇ 31ಕ್ಕೆ ಮಾತ್ರ. ಮಿಕ್ಕವು ಹಾಗೇ ಹೋದವು. ಮಗು ತನಗೆ 'ಹೌದು' ಅಂದರು ಅಂದುಕೊಂಡಿರುತ್ತದೆ, ತಿದ್ದಿದರು ಅಂತ ಅಲ್ಲ.

ಬಾಯಿಮಾತಿನ ತರಗತಿಯಲ್ಲಿ ಹೋದದ್ದು ಹೋಯಿತು. ಚಾಟ್‌ನಲ್ಲಿ ಹೋಗುವುದಿಲ್ಲ. ನಾನು ಹೇಳಬೇಕು ಅಂದುಕೊಂಡು ಬಂದದ್ದೇ ಇದು. ಚಾಟ್ ಅಂದರೆ ಬರೆದಿಟ್ಟ ಮಾತು. ನಾಳೆ ಅದನ್ನು ತೆರೆಯಬಹುದು. ಕಲಿಯುವವರ ಆ ಮೂರು ಸಾಲನ್ನು ಎಡಕ್ಕೆ, ಕನ್ನಡದವರ ಎರಡು ಸಾಲನ್ನು ಬಲಕ್ಕೆ ಇಟ್ಟು, "ಇವೆರಡರಲ್ಲಿ ಏನು ವ್ಯತ್ಯಾಸ ಕಾಣುತ್ತದೆ?" ಅಂತಷ್ಟೇ ಕೇಳಿ. ಆಗ ಉತ್ತರ ಕೊಡುವ ಅವಸರ ಇರುವುದಿಲ್ಲ. ನಿಮಗೆ, ನನಗೂ ಅನ್ನುವುದು ಕಾಣತೊಡಗುತ್ತದೆ. ಬರುವುದು, ಇಷ್ಟವಾಗುವುದು, ಅರ್ಥವಾಗುವುದು, ಇಂಥ ಕಡೆಯೆಲ್ಲ ಕನ್ನಡ 'ನನಗೆ' ಅನ್ನುತ್ತದೆ ಅನ್ನುವ ನಿಯಮವನ್ನು ಅವರೇ ಹೇಳುತ್ತಾರೆ. ನೀವು ಹಲಗೆಯ ಮೇಲೆ ಬರೆದು ಹೇಳಿದ ನಿಯಮಕ್ಕೂ, ತಮ್ಮದೇ ಮಾತಿನೊಳಗಿಂದ ಅವರು ಹೆಕ್ಕಿದ ನಿಯಮಕ್ಕೂ ಅಜಗಜಾಂತರ ವ್ಯತ್ಯಾಸವಿದೆ. ರಿಚರ್ಡ್ ಶ್ಮಿಟ್ ಎಂಬ ಭಾಷಾತಜ್ಞರು ಬ್ರೆಜಿಲ್‌ನಲ್ಲಿದ್ದು ಪೋರ್ಚುಗೀಸ್ ಕಲಿಯುವಾಗ ದಿನಚರಿ ಬರೆದಿಡುತ್ತಿದ್ದರು. ತಮ್ಮ ಮಾತಿನ ಧ್ವನಿಮುದ್ರಣಗಳನ್ನು ಆ ದಿನಚರಿಯ ಜತೆ ಇಟ್ಟು ನೋಡಿದಾಗ ಅವರಿಗೆ ಹೊಳೆದದ್ದು ಇದೇ: ತಾನು ಬಳಸತೊಡಗಿದ ರೂಪಗಳು ಬಹುಮಟ್ಟಿಗೆ, ಬೇರೆಯವರ ಮಾತಿನಲ್ಲಿ ತಾನು ಗಮನಿಸಿದ ರೂಪಗಳೇ. ಕಿವಿಗೆ ಬಿದ್ದರೆ ಸಾಲದು, ಗಮನಕ್ಕೆ ಬರಬೇಕು.

ಹಾಗಾದರೆ ಚಾಟ್ ನಡೆಯುವಾಗ ಶಿಕ್ಷಕರು ಏನು ಮಾಡಬೇಕು? ಬಹುಪಾಲು ಸುಮ್ಮನಿರಬೇಕು. ಇದು ನಮಗೆ ಕಷ್ಟ, ಗೊತ್ತು. ತಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ. ಆದರೆ ನಾಲ್ಕು ಜನ ಹರಟುತ್ತಿರುವಲ್ಲಿ ಶಿಕ್ಷಕರ ಹೆಸರಿನ ಒಂದು ಸಾಲು ಬಂದರೆ ಸಾಕು, ಎಲ್ಲರೂ ಒಬ್ಬರನ್ನೊಬ್ಬರು ಬಿಟ್ಟು ಶಿಕ್ಷಕರಿಗೆ ಉತ್ತರ ಕೊಡಲು ಶುರು ಮಾಡುತ್ತಾರೆ. ಚಾಟ್ ಹೋಗಿ ಪ್ರಶ್ನೋತ್ತರವಾಗುತ್ತದೆ. ಒಬ್ಬರ ಮೇಲೆ ಒರಟು ಮಾತು ಬಿದ್ದರೆ ತಕ್ಷಣ ನಡುವೆ ಬನ್ನಿ. ಒಬ್ಬರು ಬರೆದದ್ದಕ್ಕೆ ಯಾರೂ ಉತ್ತರಿಸದೆ ಅವರು ಮೂಲೆಗೆ ಸರಿಯುತ್ತಿದ್ದರೆ ಬನ್ನಿ. ಪೂರ್ತಿ ನಿಂತೇ ಹೋದರೆ ಬನ್ನಿ. ಉಳಿದಂತೆ ಓದುತ್ತಾ ಇರಿ, ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ.

ಸುಮ್ಮನಿರಬೇಕಾದರೆ ಮೊದಲೇ ಸರಿಯಾಗಿ ಕೆಲಸ ಮಾಡಿರಬೇಕು. "ಪರಿಸರದ ಬಗ್ಗೆ ಚರ್ಚಿಸಿ" ಅಂತ ಬಿಟ್ಟರೆ ಏನಾಗುತ್ತದೆ? "ಪರಿಸರ ಮುಖ್ಯ." "ಹೌದು, ಮುಖ್ಯ." "ನಾವು ಉಳಿಸಬೇಕು." ಐದು ನಿಮಿಷದಲ್ಲಿ ಮುಗಿಯಿತು. ಯಾರಿಗೂ ಯಾರಿಂದಲೂ ತಿಳಿಯಬೇಕಾದ್ದು ಏನೂ ಇರಲಿಲ್ಲ. ಅದರ ಬದಲು ಹೀಗೆ ಮಾಡಿ. ಇಬ್ಬರಿಗೂ ಒಂದೊಂದು ವಾರದ ವೇಳಾಪಟ್ಟಿ ಕೊಡಿ, ಬೇರೆ ಬೇರೆಯದು. ಒಬ್ಬರದು ಇನ್ನೊಬ್ಬರಿಗೆ ಕಾಣಬಾರದು. ಇಬ್ಬರೂ ಎರಡು ಗಂಟೆ ಒಟ್ಟಿಗೆ ಕೆಲಸ ಮಾಡಲು ಬಿಡುವು ಹುಡುಕಬೇಕು. ಪಟ್ಟಿಯಲ್ಲಿ ಅಂಥ ಬಿಡುವು ಒಂದೇ ಒಂದು ಇರಲಿ, ಅದೂ ಒಬ್ಬರು ಏನನ್ನಾದರೂ ಮುಂದಕ್ಕೆ ಹಾಕಿದರೆ ಮಾತ್ರ ಸಿಗುವಂತೆ ಇರಲಿ. ಈಗ ನೋಡಿ. ಬುಧವಾರ ಬೆಳಿಗ್ಗೆ ಆಗುತ್ತಾ? ಆಗಲ್ಲ, ಯಾಕೆಂದರೆ... ಹಾಗಾದರೆ ನೀವು ಅದನ್ನು ಮುಂದಕ್ಕೆ ಹಾಕಬಹುದಾ? ದಿನ, ಹೊತ್ತು, ಕಾರಣ, ಕೋರಿಕೆ, ನಿರಾಕರಣೆ, ಎಲ್ಲ ತಾನಾಗಿ ಬರುತ್ತವೆ. ನಡುವೆ ಒಬ್ಬರಿಗೆ ಇನ್ನೊಬ್ಬರು ಹೇಳಿದ್ದು ಅರ್ಥವಾಗುವುದಿಲ್ಲ. "ಮುಂದಕ್ಕೆ ಅಂದರೆ? ಮೊದಲಾ, ಆಮೇಲಾ?" ಅಂತ ಕೇಳುತ್ತಾರೆ. ಅಲ್ಲೇ ಕಲಿಕೆ ನಡೆಯುವುದು. ಅರ್ಥವಾಗದೆ ಮತ್ತೆ ಕೇಳಿ, ಇನ್ನೊಂದು ಬಗೆಯಲ್ಲಿ ಹೇಳಿ, ಸರಿಪಡಿಸಿಕೊಳ್ಳುವಾಗಲೇ ಭಾಷೆ ಬೆಳೆಯುತ್ತದೆ ಅಂತ ಭಾಷಾ ಕಲಿಕೆಯ ಸಂಶೋಧಕರಾದ ಮೈಕೆಲ್ ಲಾಂಗ್ 1980ರ ದಶಕದಿಂದಲೂ ಬರೆಯುತ್ತಾ ಬಂದರು. ಒಳ್ಳೆಯ ಕೆಲಸ ಕೊಡುವುದೆಂದರೆ ಅಂಥ ತೊಡಕು ಬರುವ ಹಾಗೆ ಹವಣಿಸುವುದು.

ಗುಂಪು ಸಣ್ಣದಿರಲಿ, ಎರಡೋ ಮೂರೋ ಜನ. ಎಂಟು ಜನರನ್ನು ಒಂದೇ ಕೋಣೆಗೆ ಹಾಕಿದರೆ ನೀವು ಉತ್ತರ ಟೈಪ್ ಮಾಡಿ ಮುಗಿಸುವಷ್ಟರಲ್ಲಿ ಪ್ರಶ್ನೆ ಮೇಲಕ್ಕೆ ಹೋಗಿರುತ್ತದೆ, ಮಾತು ಬೇರೆ ಕಡೆ ತಿರುಗಿರುತ್ತದೆ. ವೇಗವಾಗಿ ಟೈಪ್ ಮಾಡುವವರ ಕೈ ಮೇಲಾಗುತ್ತದೆ. ತರಗತಿಯ ಮುಂದಿನ ಬೆಂಚು ಇಲ್ಲೂ ಹುಟ್ಟಿಕೊಳ್ಳುತ್ತದೆ.

ಲಿಪಿಯ ವಿಷಯ ಒಂದಿದೆ. ಕನ್ನಡ ಕಲಿಯುವ ಬಹಳ ಜನ ಚಾಟ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆಯುತ್ತಾರೆ. ನಾವೂ ಬರೆಯುತ್ತೇವೆ. ಮೊದಲ ವಾರಗಳಲ್ಲಿ ಅದಕ್ಕೆ ನನ್ನ ತಕರಾರಿಲ್ಲ, ಮಾತು ಹರಿಯಲಿ. ಆದರೆ ಅಲ್ಲೇ ನಿಲ್ಲಬಾರದು. ಹಾಗೆ ಬರೆದರೆ ಸಾಮಾನ್ಯವಾಗಿ ಹಲ್ಲಿಗೂ ಹಳ್ಳಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಕಲೆ ಯಾವುದು, ಕಳೆ ಯಾವುದು? ನಮಗೆ ಸಂದರ್ಭದಿಂದ ಗೊತ್ತಾಗುತ್ತದೆ. ಕಲಿಯುವವರಿಗೆ ಲ ಮತ್ತು ಳ ಎರಡು ಬೇರೆ ಅನ್ನುವುದೇ ಕಾಣದೆ ಹೋಗುತ್ತದೆ. ಕನ್ನಡ ಕೀಲಿಮಣೆ ಈಗ ಎಲ್ಲ ಫೋನಿನಲ್ಲೂ ಸಿಗುತ್ತದೆ, ಅದನ್ನು ಹಾಕಿಕೊಡುವುದೂ ಶಿಕ್ಷಕರ ಕೆಲಸವೇ. ಹಾಗೆಯೇ 'ಹೋಗ್ತೀನಿ' ಅಂತ ಬರೆದವರನ್ನು 'ಹೋಗುತ್ತೇನೆ' ಅಂತ ತಿದ್ದಲು ಹೋಗಬೇಡಿ. ಚಾಟ್ ಆಡುಮಾತಿನ ಜಾಗ. ಎಲ್ಲಿ ಯಾವುದು ಸಲ್ಲುತ್ತದೆ ಅನ್ನುವುದನ್ನು ಆಮೇಲೆ ತರಗತಿಯಲ್ಲಿ ಮಾತಾಡಬಹುದು.

ಜತೆಗಾರರು ಯಾರು ಅನ್ನುವ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಭಾಷೆ ನನಗೆ, ನನ್ನ ಭಾಷೆ ನಿಮಗೆ ಅಂತ ಇಬ್ಬರು ಜೋಡಿಯಾಗಿ ಕಲಿಯುವುದಕ್ಕೆ ಟ್ಯಾಂಡೆಮ್ ಅನ್ನುತ್ತಾರೆ. 1990ರ ದಶಕದಲ್ಲಿ ಜರ್ಮನಿಯ ಬೋಕುಮ್ ವಿಶ್ವವಿದ್ಯಾಲಯದವರು ಇದನ್ನು ಇಮೇಲ್ ಮೂಲಕ ದೇಶದೇಶಗಳ ನಡುವೆ ನಡೆಸಿದರು. ಅದರಲ್ಲಿ ಒಂದು ಒಳ್ಳೆಯ ನಿಯಮವಿದೆ: ಅರ್ಧ ಹೊತ್ತು ಒಂದು ಭಾಷೆ, ಅರ್ಧ ಹೊತ್ತು ಇನ್ನೊಂದು. ಈ ನಿಯಮ ಹಿಡಿಯದಿದ್ದರೆ ಇಬ್ಬರಿಗೂ ಸಲೀಸಾದ ಭಾಷೆ, ಬಹಳ ಸಲ ಇಂಗ್ಲಿಷ್, ಮೆಲ್ಲಗೆ ಎಲ್ಲವನ್ನೂ ನುಂಗಿಬಿಡುತ್ತದೆ. ಇನ್ನೊಂದು ಮಾತು. ಭಾಷೆ ಬಲ್ಲವರೆಲ್ಲ ಕಲಿಸಬಲ್ಲವರಲ್ಲ. 'ನನಗೆ ಇಷ್ಟ' ಅನ್ನಬೇಕು ಅಂತ ಯಾವ ಕನ್ನಡಿಗರಾದರೂ ಹೇಳುತ್ತಾರೆ. ಯಾಕೆ ಅಂತ ಕೇಳಿದರೆ "ಹಾಗೇ ಹೇಳೋದು" ಅನ್ನುತ್ತಾರೆ. ಆ 'ಯಾಕೆ'ಯನ್ನು ವಿದ್ಯಾರ್ಥಿ ಶಿಕ್ಷಕರ ಹತ್ತಿರ ತರಬೇಕು.

ಅಪರಿಚಿತರ ಜತೆ ಚಾಟ್ ಮಾಡುವಾಗ ಎಚ್ಚರವೂ ಬೇಕು. ಮಕ್ಕಳನ್ನು ಯಾರು ಬೇಕಾದರೂ ಬರಬಹುದಾದ ಕೋಣೆಗಳಿಗೆ ಕಳಿಸಲೇಬೇಡಿ. ತರಗತಿಯವರಷ್ಟೇ ಇರುವ ಮುಚ್ಚಿದ ಗುಂಪು ಸಾಕು. ದೊಡ್ಡವರಿಗೂ ಫೋನ್ ನಂಬರ್, ವಿಳಾಸ, ಫೋಟೋ ಕೊಡಬೇಡಿ ಅಂತ ಮೊದಲ ದಿನವೇ ಹೇಳಿ. ಚಾಟ್ ಉಳಿಸಿಕೊಂಡು ತರಗತಿಯಲ್ಲಿ ಬಳಸುತ್ತೇವೆ ಅನ್ನುವುದನ್ನೂ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ.

ಈಗ ಯಂತ್ರದ ಜತೆಗೇ ಚಾಟ್ ಮಾಡಬಹುದಲ್ಲ ಅಂತ ಕೇಳುವವರಿದ್ದಾರೆ. ಮಾಡಲಿ, ಒಳ್ಳೆಯದೇ. ಅದಕ್ಕೆ ಸುಸ್ತಾಗುವುದಿಲ್ಲ, ರಾತ್ರಿ ಹನ್ನೆರಡಕ್ಕೂ ಸಿಗುತ್ತದೆ, ಅದರ ಮುಂದೆ ನಾಚಿಕೆಯಿಲ್ಲ. ಒಂದೇ ತೊಂದರೆ: ಅದಕ್ಕೆ ಎಲ್ಲವೂ ಅರ್ಥವಾಗಿಬಿಡುತ್ತದೆ. ಹೇಗೆ ಮುರಿದು ಬರೆದರೂ ಅದು ನೀಟಾದ ಉತ್ತರ ಕೊಡುತ್ತದೆ. "ಏನಂದ್ರಿ? ತಿಳೀಲಿಲ್ಲ" ಅನ್ನುವುದು ಅಪರೂಪ. ವೇಳಾಪಟ್ಟಿಯ ಕೆಲಸದಲ್ಲಿ ನಾವು ಬೇಕೆಂದೇ ತಂದ ತೊಡಕು ಇಲ್ಲಿ ಮಾಯವಾಗುತ್ತದೆ. ಹಾಗಾಗಿ ಶಿಕ್ಷಕರು ಯಂತ್ರಕ್ಕೂ ಪಾತ್ರ ಬರೆದುಕೊಡಬೇಕು. "ನನ್ನ ವಾಕ್ಯ ಸರಿಯಿಲ್ಲದಿದ್ದರೆ ಅರ್ಥವಾಗಲಿಲ್ಲ ಅಂತ ಮತ್ತೆ ಕೇಳು. ನೀನಾಗಿ ತಿದ್ದಬೇಡ. ಉತ್ತರ ಎರಡು ಸಾಲು ಮೀರದಿರಲಿ." ಇಷ್ಟನ್ನು ಮೊದಲೇ ಬರೆದು ಶುರು ಮಾಡಲು ವಿದ್ಯಾರ್ಥಿಗಳಿಗೆ ಹೇಳಿಕೊಡಿ. ಅನುವಾದ ಮಾಡಿಸಿ ಅಂಟಿಸುವವರೂ ಇರುತ್ತಾರೆ. ಅವರನ್ನು ಹಿಡಿಯಲು ಹೊರಡುವುದು ದಂಡ. ಚಾಟ್‌ನ ಮರುದಿನ ತಮ್ಮದೇ ಸಾಲುಗಳನ್ನು ವಿವರಿಸಬೇಕು ಅನ್ನುವುದು ಗೊತ್ತಿದ್ದರೆ ಅಂಟಿಸುವ ಆಸೆ ತಾನಾಗಿ ಕಡಿಮೆಯಾಗುತ್ತದೆ.

ಆ ಮರುದಿನದ ಕೆಲಸ ಹೇಗೆ ಅಂತ ಬಿಡಿಸಿ ಹೇಳಿ ಮುಗಿಸುತ್ತೇನೆ. ಹತ್ತು ಗುಂಪಿನ ಚಾಟ್ ಪೂರ್ತಿ ಓದಿ ತಿದ್ದಲು ಯಾರಿಂದಲೂ ಆಗುವುದಿಲ್ಲ. ಕೆಂಪು ಗುರುತು ತುಂಬಿದ ಹಾಳೆಯನ್ನು ಯಾರೂ ಎರಡನೇ ಸಲ ಓದುವುದೂ ಇಲ್ಲ. ನಾನು ಎಲ್ಲ ಗುಂಪುಗಳಿಂದ ಸೇರಿ ಹತ್ತು ಹನ್ನೆರಡು ಸಾಲು ಆರಿಸುತ್ತೇನೆ, ಹೆಸರು ತೆಗೆದು. ಅದರಲ್ಲಿ ಮೂರ್ನಾಲ್ಕು ಚೆನ್ನಾಗಿ ಬಂದ ಸಾಲುಗಳು ಇರಲೇಬೇಕು. ಉಳಿದವು ಒಂದೇ ಬಗೆಯ ತಪ್ಪಿನವು, ಈ ವಾರ 'ನನಗೆ' ಅಂದರೆ ಪೂರ್ತಿ 'ನನಗೆ'. ಕಾಲ ತಪ್ಪಿದ್ದು, ಲಿಂಗ ತಪ್ಪಿದ್ದು ಕಣ್ಣಿಗೆ ಬಿದ್ದರೂ ಈ ವಾರ ಬಿಡುತ್ತೇನೆ. ಇಬ್ಬಿಬ್ಬರು ಕೂತು ಯಾವುದು ಸರಿ, ಯಾವುದನ್ನು ಬದಲಿಸಬೇಕು ಅಂತ ಮಾತಾಡುತ್ತಾರೆ, ಈ ಸಲ ಬಾಯಲ್ಲಿ. ಹದಿನೈದು ನಿಮಿಷ ಸಾಕು. ಆಮೇಲೆ ಪ್ರತಿಯೊಬ್ಬರೂ ತಮ್ಮ ಚಾಟ್‌ಗೆ ಹೋಗಿ ಅದೇ ಬಗೆಯ ಸಾಲು ಇದೆಯಾ ಅಂತ ಹುಡುಕಿ, ತಾವೇ ತಿದ್ದಿ ಬರೆದಿಡುತ್ತಾರೆ.

ಅಂಕ ಎಷ್ಟು ಕೊಡಬೇಕು ಅಂತ ಕೇಳುತ್ತಾರೆ. ಚಾಟ್‌ಗೆ ಕೊಡಬೇಡಿ. ಅಂಕ ಇದೆ ಅಂದ ಕೂಡಲೇ ಎಲ್ಲರೂ ಬರುವ ಮೂರು ವಾಕ್ಯವನ್ನೇ ತಿರುಗಿಸಿ ಮುರುಗಿಸಿ ಬರೆಯುತ್ತಾರೆ, ಗೊತ್ತಿಲ್ಲದ್ದಕ್ಕೆ ಕೈ ಹಾಕುವುದಿಲ್ಲ. ಕೊಡಲೇಬೇಕಾದರೆ ತಮ್ಮ ಚಾಟ್ ಓದಿ ಅವರು ಆರಿಸಿ ತಿದ್ದಿದ ಆ ಸಾಲುಗಳಿಗೆ ಕೊಡಿ.